ಐರನ್ ಮೇಡನ್ ಆಲ್ಬಮ್‌ಗಳ ಕೊನೇ ಹಾಡು: ನಿಮಗೆ ಯಾವ್ದು ಇಷ್ಟ, ಯಾಕೆ?

ತಡರಾತ್ರಿ_ಕೇಳುಗ

ಎಲ್ರಿಗೂ ನಮಸ್ಕಾರ. ಇಲ್ಲಿ ಮೆಟಲ್ ಕೇಳೋರು ಒಂದಷ್ಟ್ ಜನ ಇದೀರ ಅಂತ ಗೊತ್ತು, ಅದಕ್ಕೆ ಕೇಳ್ತಿದೀನಿ, ಉದ್ದ ಆಯ್ತು ಅಂತ ಬೈಬೇಡಿ.

ಹೋದ್ ತಿಂಗ್ಳು ರಾತ್ರಿ ಬಸ್ಸಲ್ಲಿ ಬೆಂಗ್ಳೂರಿಂದ ಶಿವಮೊಗ್ಗಕ್ಕೆ ಹೋಗ್ತಿದ್ದೆ. ಪಕ್ಕದ ಸೀಟಿನೋರು ತುಮಕೂರು ಬರೋಷ್ಟರಲ್ಲೇ ಗೊರಕೆ ಶುರು ಮಾಡಿದ್ರು, ನನಗೆ ನಿದ್ದೆ ಇಲ್ಲ, ಸರಿ ಅಂತ ಇಯರ್‌ಫೋನ್ ಹಾಕ್ಕೊಂಡು ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ದು 'ದಿ ನಂಬರ್ ಆಫ್ ದಿ ಬೀಸ್ಟ್' (1982) ಮೊದಲ್ನೇ ಹಾಡಿಂದ ಒಂದೂ ಸ್ಕಿಪ್ ಮಾಡ್ದೆ ಕೇಳ್ದೆ. ಕೊನೇದು 'ಹ್ಯಾಲೋಡ್ ಬಿ ದೈ ನೇಮ್'. ನೂರು ಸಲ ಕೇಳಿರೋ ಹಾಡೇ, ಆದ್ರೂ ಆಲ್ಬಮ್ ಪೂರ್ತಿ ಕೇಳಿ ಆಮೇಲೆ ಅದಕ್ಕೆ ಬಂದ್ರೆ ಬೇರೆ ಥರಾನೇ ಕೇಳ್ಸುತ್ತೆ. ಗಂಟೆ ಹೊಡ್ಯೋ ಸದ್ದು, ಬೆಳಗಾದ್ರೆ ಗಲ್ಲಿಗೆ ಹೋಗ್ಬೇಕಾದ ಕೈದಿ, ಮೊದ್ಲು ಮೆಲ್ಲಗೆ ತನಗ್ ತಾನೇ ಮಾತಾಡ್ಕೊಳೋನು ಆಮೇಲೆ ಧೈರ್ಯ ತಗೊಳ್ತಾನೋ ಹುಚ್ಚು ಹಿಡಿಯುತ್ತೋ ಗೊತ್ತಾಗಲ್ಲ, ಏಳು ನಿಮಿಷ ಹೆಂಗ್ ಹೋಯ್ತು ಅಂತಾನೇ ತಿಳೀಲಿಲ್ಲ. ಬಸ್ಸು ಅರಸೀಕೆರೆ ಹತ್ರ ಎಲ್ಲೋ ಇತ್ತು. ಹಾಡು ಮುಗೀತು. ಮುಗಿದು ಒಂದ್ ಸೆಕೆಂಡೂ ಆಗಿಲ್ಲ, ಆಪ್ ತಾನಾಗೇ ಯಾವ್ದೋ ಮದುವೆ ಮನೆ ಡ್ಯಾನ್ಸ್ ಹಾಡು ಹಾಕ್ತು. ಅಲ್ಲಿ ಹಗ್ಗದಿಂದ ಹೆಣ ಇನ್ನೂ ಇಳಿಸಿಲ್ಲ, ಇಲ್ಲಿ ಡಿಜೆ ಶುರು. ಅಷ್ಟು ಕೋಪ ಯಾವ್ದಕ್ಕೂ ಬಂದಿರ್ಲಿಲ್ಲ ನನಗೆ.

ಅವತ್ತಿಂದ ಇವರ ಆಲ್ಬಮ್‌ಗಳ ಕೊನೇ ಹಾಡುಗಳನ್ನೇ ಒಂದೊಂದಾಗಿ ಗಮನ ಇಟ್ಟು ಕೇಳ್ತಿದೀನಿ. ಬೇರೆ ಎಷ್ಟೋ ಬ್ಯಾಂಡ್‌ಗಳ ಕೊನೇ ಹಾಡು ಅಂದ್ರೆ ಸಂತೆ ಮುಗಿಯೋ ಹೊತ್ತಿನ ತರಕಾರಿ, ಉಳಿದಿದ್ದನ್ನ ಗುಡ್ಡೆ ಹಾಕಿರ್ತಾರೆ. ಇವರು ಉಲ್ಟಾ. 1984ರ 'ಪವರ್‌ಸ್ಲೇವ್' ಕೊನೇಲಿ ಹದಿಮೂರು ಮುಕ್ಕಾಲು ನಿಮಿಷದ 'ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್'. 1986ರದ್ರಲ್ಲಿ 'ಅಲೆಕ್ಸಾಂಡರ್ ದಿ ಗ್ರೇಟ್', ಅದೂ ಎಂಟೂವರೆ ನಿಮಿಷ. 2015ರಲ್ಲಿ 'ಎಂಪೈರ್ ಆಫ್ ದಿ ಕ್ಲೌಡ್ಸ್', ಹದಿನೆಂಟು ನಿಮಿಷ. ಇರೋದ್ರಲ್ಲಿ ಭಾರವಾದ ಮೂಟೆನ ಕೊನೇಗೇ ಇಡ್ತಾರೆ.

ಇದು ನಿಜವಾಗ್ಲೂ ಅವರು ಬೇಕಂತ ಮಾಡೋದಾ ಇಲ್ಲ ನಾನೇ ಇಲ್ಲದ್ದನ್ನ ಕಲ್ಪಿಸ್ಕೊಳ್ತಿದೀನಾ? ನಿಮಗೆ ಯಾವ ಆಲ್ಬಮ್ ಮುಗಿಯೋ ರೀತಿ ಇಷ್ಟ? ಬರೀ ಹಾಡು ಚೆನ್ನಾಗಿದೆ ಅಂತಲ್ಲ, *ಮುಗಿಯೋ ರೀತಿ*.

ಹುಬ್ಳಿ_ಹಳೇ_ಕ್ಯಾಸೆಟ್

ತಮ್ಮಾ, ನೀ ಸರಿಯಾದ ಜಾಗಾಕ್ಕ ಕೈ ಹಾಕಿದಿ. ನಂದೊಂದು ಕಥಿ ಐತಿ, ಕೇಳು, ನಗಬ್ಯಾಡ.

ನಾ ಪಿಯುಸಿ ಇದ್ದಾಗ, 1997 ಇರಬೇಕು, ನಮ್ಮ ದೋಸ್ತನ ಅಣ್ಣ ಮುಂಬೈದಾಗ ಕೆಲಸಾ ಮಾಡ್ತಿದ್ದ, ಅವ ಒಂದು ತೊಂಬತ್ತರ ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದ. ಒಂದು ಕಡೆ ಮೆಟಾಲಿಕಾದ್ದು 'ರೈಡ್ ದಿ ಲೈಟ್ನಿಂಗ್', ಇನ್ನೊಂದು ಕಡೆ ಮೇಡನ್‌ದು 'ಪವರ್‌ಸ್ಲೇವ್'. ಮ್ಯಾಲ ನೀಲಿ ಪೆನ್ನಿಲೆ ಹಾಡಿನ ಹೆಸರು ಬರದಿದ್ದ, ಜಾಗಾ ಸಾಲದ್ದಕ್ಕ ಕೊನೇ ಹಾಡಿಗೆ ಬರೇ 'ರೈಮ್' ಅಂತ. ಈಗ ಲೆಕ್ಕಾ ಹಾಕು. ತೊಂಬತ್ತರ ಕ್ಯಾಸೆಟ್ಟಂದ್ರ ಒಂದು ಕಡೆ ನಲವತ್ತೈದು ನಿಮಿಷ. ಪವರ್‌ಸ್ಲೇವ್ ಐವತ್ತರ ಮ್ಯಾಲ ಐತಿ. ಟೇಪ್ ಎಲ್ಲಿ ಮುಗಿತಿತ್ತು ಹೇಳು?

ರೈಮ್ ಸುರು ಆಗಿ ಸುಮಾರು ಎಂಟು ನಿಮಿಷಕ್ಕ. ಆ ಹಾಡು ಗೊತ್ತಿದ್ದಾವ್ರಿಗೆ ಎಂಟನೇ ನಿಮಿಷದಾಗ ಏನಕ್ಕೈತಿ ಅಂತ ಗೊತ್ತು. ಮುದುಕ ನಾವಿಕ ಕಡಲ ಹಕ್ಕೀನ್ನ ಹೊಡದು ಕೊಂದಾನ, ಶಾಪ ತಟ್ಟೇತಿ, ಗಾಳಿ ನಿಂತೈತಿ, ಹಡಗ ಅಲ್ಲಾಡವಲ್ದು, ಕುಡಿಯಾಕ ನೀರಿಲ್ಲ. ಗಿಟಾರ್ ಡ್ರಮ್ಮು ಎಲ್ಲಾ ಸುಮ್ನ. ಬರೇ ಕಟ್ಟಿಗಿ ಕಿರ್ ಕಿರ್ ಅನ್ನೂ ಸಪ್ಪಳ, ಕೆಳಗ ಒಂದು ಬಾಸ್ ಗಿಟಾರ್. ಯಾವನೋ ಒಬ್ಬ ಮೂಲ ಪದ್ಯದ ಸಾಲು ದಪ್ಪ ದನಿಲೆ ಓದ್ತಾನ, ಕೋಲ್‌ರಿಜ್‌ನ 1798ರ ಪದ್ಯಾ ಅದು, ಇನ್ನೂರು ಮಂದಿ ಒಬ್ರಾದ ಮ್ಯಾಲ ಒಬ್ರು ಬಿದ್ದು ಸಾಯ್ತಾರ. ಆಮ್ಯಾಲ ಬಾಸ್ ಸಾವಕಾಶ ಏರಾಕ ಸುರು ಮಾಡ್ತೈತಿ. ಏನೋ ಬರಾಕತ್ತೈತಿ ಅಂತ ನಾವು ಉಸರ ಹಿಡದ ಕುಂತೇವಿ, *ಟಪ್*. ಪ್ಲೇ ಬಟನ್ ಮ್ಯಾಲ ಜಿಗಿತು. ಮುಗೀತು.

ನಾ ನಾಲ್ಕು ವರ್ಷ ಹಾಡು ಅಲ್ಲೇ ಮುಗಿತೈತಿ ಅಂತ ತಿಳಕೊಂಡಿದ್ದೆ! ಎಲ್ಲಾರೂ ಸತ್ರು, ಹಡಗ ನಡುನೀರಾಗ ನಿಂತ್ತು, ಕ್ಯಾಸೆಟ್ಟೂ ನಿಂತ್ತು. ಎಂಥಾ ಎದಿಗಾರಿಕಿ ಇದ್ದ ಬ್ಯಾಂಡ್ ಪಾ ಇದು, ಹಿಂಗ ಮುಗಸೂದಂದ್ರ ಸಣ್ಣ ಮಾತಲ್ಲ ಅಂತ ಹಾಸ್ಟೆಲ್‌ನ್ಯಾಗ ಎಲ್ಲಾರ ಮುಂದ ಭಾಷಣಾ ಮಾಡೀನಿ. 2001ರಾಗ ಯಾರೋ ಎಂಪಿ3 ಸಿಡಿ ತಂದ್ರು. ಎಂಟನೇ ನಿಮಿಷ ದಾಟ್ತು, ಬಾಸ್ ಏರ್ತು, ಏರ್ತು, ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್ ಒಂದು ಚೀರು ಚೀರಿದ ನೋಡು, ನಾ ಖುರ್ಚಿಯಿಂದ ಎದ್ದ ನಿಂತೆ. ಮುಂದ ಐದೂವರಿ ನಿಮಿಷ ಹಾಡ ಐತಿ! ಶಾಪ ಬಿಡತೈತಿ, ಹಡಗ ಊರಿಗೆ ಬರತೈತಿ, ಮುದುಕ ಸಾಯೂತನಕ ಕಂಡಕಂಡಾವ್ರಿಗೆ ಕಥಿ ಹೇಳ್ಕೋಂತ ಅಡ್ಡಾಡ್ತಾನ. (ಮೆಟಾಲಿಕಾ ಕಡೆದೂ ಕೊನೇ ಎರಡು ನಿಮಿಷ ಇರಲಿಲ್ಲ ಅಂತ ಆಮ್ಯಾಲ ಗೊತ್ತಾತು, ಅದಕ್ಕ ಇಷ್ಟು ಬ್ಯಾಸರಾಗಲಿಲ್ಲ.)

2009ರ ಫೆಬ್ರುವರಿ 15ಕ್ಕ ಬೆಂಗ್ಳೂರ ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಾಗ ನಾವು ನಾಲ್ಕು ಮಂದಿ ಹುಬ್ಳಿಯಿಂದ ಹೋಗಿದ್ವಿ. ರೈಮ್ ನುಡಿಸಿದ್ರು. ಬ್ರೂಸ್ ಹರಕ ನಿಲುವಂಗಿ ಹಾಕ್ಕೊಂಡು ನಿಂತಿದ್ದ. ನಡುವ ಎಲ್ಲಾ ಸುಮ್ನಾದಾಗ ಮೈದಾನದಾಗೂ ಮಂದಿ ಸುಮ್ನಾದ್ರು, ಬಾಸ್ ಏರಾಕ ಸುರು ಆತು, ಖರೇ ಹೇಳ್ತೇನಿ, ನನಗ ಅಂಜಿಕಿ ಬಂತು, ಎಲ್ಲಿ ಟಪ್ ಅಂತೈತೋ ಅಂತ.

ಅವತ್ತ ಇನ್ನೊಂದು ನೋಡು, 'ಫಿಯರ್ ಆಫ್ ದಿ ಡಾರ್ಕ್', 'ಹ್ಯಾಲೋಡ್', 'ಐರನ್ ಮೇಡನ್' ಇವೂ ನುಡಿಸಿದ್ರು. ನಾಲ್ಕೂ ತಮ್ಮ ತಮ್ಮ ಆಲ್ಬಮ್ಮಿನ ಕೊನೇ ಹಾಡ. ನಿನ್ನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೇನ?

ನಾಲ್ಕ್‌ತಂತಿ

ನಾನು ಬಾಸ್ ನುಡಿಸ್ತೀನಿ (ಕೆಟ್ಟದಾಗಿ), ಹಾಗಾಗಿ ನನ್ನ ಉತ್ತರ ಪಕ್ಷಪಾತದ್ದು ಅಂತ ಮೊದಲೇ ಹೇಳ್ಬಿಡ್ತೀನಿ. ಬೇಕಂತ ಮಾಡ್ತಾರಾ ಅಂತ ಕೇಳಿದ್ರಲ್ಲ, ಯಾರು ಬರ್ದಿದ್ದು ಅಂತ ನೋಡಿ ಗೊತ್ತಾಗುತ್ತೆ. ಇವತ್ತಿಗೆ ಸ್ಟುಡಿಯೋ ಆಲ್ಬಮ್ 17. ಅದ್ರಲ್ಲಿ 10ರ ಕೊನೇ ಹಾಡು ಬಾಸಿಸ್ಟ್ ಸ್ಟೀವ್ ಹ್ಯಾರಿಸ್ ಒಬ್ಬನೇ ಬರ್ದಿರೋದು. ಇನ್ನೈದು ಬೇರೆಯವರ ಜೊತೆ ಸೇರಿ. ಅವನ ಕೈ ಇಲ್ಲದೇ ಇರೋದು ಎರಡೇ, 1998ರ 'ಕೊಮೊ ಎಸ್ತಾಯಿಸ್ ಅಮೀಗೋಸ್', ಆಮೇಲೆ ಬ್ರೂಸ್ ಒಬ್ಬನೇ ಬರ್ದ 'ಎಂಪೈರ್'. 2021ರ 'ಸೆಂಜುಟ್ಸು'ನಲ್ಲಂತೂ ಕೊನೇ ಮೂರು ಹಾಡೂ ಅವನದೇ, ಮೂರೂ ಹತ್ತು ನಿಮಿಷದ ಮೇಲೆ. ಮನೆ ಯಜಮಾನ ಬಾಗಿಲು ಹಾಕೋ ಕೆಲಸ ಬೇರೆಯವರಿಗೆ ಕೊಡಲ್ಲ ಅಷ್ಟೇ.

ಇನ್ನೊಂದು ನನ್ನ ಹಳೇ ಥಿಯರಿ, ಯಾರೂ ಒಪ್ಪಲ್ಲ, ಆದ್ರೂ ಹೇಳ್ತೀನಿ. ಕೊನೇ ಹಾಡು ಅಷ್ಟು ಎತ್ತರ ಕಾಣೋದಕ್ಕೆ ಅದರ ಹಿಂದಿನ ಹಾಡು ಗುಂಡಿ ಆಗಿರೋದೂ ಒಂದು ಕಾರಣ. ಹ್ಯಾಲೋಡ್‌ಗೆ ಮುಂಚೆ ಏನಿದೆ? 'ಗ್ಯಾಂಗ್‌ಲ್ಯಾಂಡ್'. 'ಟೋಟಲ್ ಎಕ್ಲಿಪ್ಸ್' ಅನ್ನೋ ಒಳ್ಳೇ ಹಾಡನ್ನ ಸಿಂಗಲ್ ರೆಕಾರ್ಡಿನ ಬಿ-ಸೈಡ್‌ಗೆ, ಅಂದ್ರೆ ಹಿಂದಿನ ಮಗ್ಗುಲಿಗೆ ತಳ್ಳಿ ಇದನ್ನ ಆಲ್ಬಮ್‌ಗೆ ಹಾಕಿದ್ವಲ್ಲ ಅಂತ ಬ್ಯಾಂಡ್‌ನವರೇ ಆಮೇಲೆ ಕೈ ಕೈ ಹಿಸುಕಿಕೊಂಡಿದಾರೆ. 1983ರ ಆಲ್ಬಮ್ ಮುಗಿಸೋ 'ಟು ಟೇಮ್ ಎ ಲ್ಯಾಂಡ್'ಗೆ ಮುಂಚೆ 'ಸನ್ ಅಂಡ್ ಸ್ಟೀಲ್'. ಅಲೆಕ್ಸಾಂಡರ್‌ಗೆ ಮುಂಚೆ 'ದೇಜಾ ವೂ'. ಫಿಯರ್ ಆಫ್ ದಿ ಡಾರ್ಕ್‌ಗೆ ಮುಂಚೆ, ದೇವ್ರೇ, 'ವೀಕೆಂಡ್ ವಾರಿಯರ್'. ಸಪ್ಪೆ ಸಾರು ಉಂಡ ಮೇಲೆ ಯಾವ ಪಾಯಸ ಆದ್ರೂ ಅಮೃತನೇ. ಈ ಥಿಯರಿ ಪವರ್‌ಸ್ಲೇವ್‌ನಲ್ಲಿ ಮಾತ್ರ ಕೈ ಕೊಡುತ್ತೆ ಯಾಕಂದ್ರೆ ಅಲ್ಲಿ ರೈಮ್‌ಗೆ ಮುಂಚೆ ಬರೋದು 'ಪವರ್‌ಸ್ಲೇವ್'ಏ, ಅದಕ್ಕೇ ಆ ಆಲ್ಬಮ್ ಅಷ್ಟು ದೊಡ್ಡದು.

ಎಲ್ಲಾ ಕೊನೇ ಹಾಡೂ ಬಂಗಾರ ಅಂತ ಭಕ್ತಿ ಮಾಡೋದು ಬೇಡ. 1981ರ 'ಡ್ರಿಫ್ಟರ್' ಕ್ಲಬ್‌ನಲ್ಲಿ ಜನರ ಜೊತೆ ಕೂಗಾಡೋಕೆ ಸರಿ, ಆಲ್ಬಮ್ ಮುಗಿಸೋಕೆ ಸಾಲಲ್ಲ. 1990ರ 'ಮದರ್ ರಷ್ಯಾ' ದೊಡ್ಡ ಹಾಡಿನ ಬಟ್ಟೆ ಹಾಕ್ಕೊಂಡಿರೋ ಸಣ್ಣ ಹಾಡು.

ಎಲ್‌ಪಿ ಕೇಳೋರಿಗೆ ಒಂದ್ ಮಾತು. ರೆಕಾರ್ಡ್ ಸುತ್ತೋ ವೇಗ ಒಂದೇ, ಆದ್ರೆ ಸೂಜಿ ಒಳಗಡೆ ಹೋದಂಗೆ ಸುತ್ತು ಚಿಕ್ಕದಾಗುತ್ತೆ, ಸೂಜಿ ಕೆಳಗೆ ಒಂದ್ ಸೆಕೆಂಡಿಗೆ ಸರಿಯೋ ಗೀರು ಅಂಚಿಗೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ ಆಗ್ಬಿಡುತ್ತೆ. ಡ್ರಮ್ಮಿನ ಹೈಹ್ಯಾಟು ತಾಳ, ಚೂಪಾದ ಗಿಟಾರು ಇವೆಲ್ಲ ಮಂಕಾಗೋದು ಅಲ್ಲೇ. ಅದಕ್ಕೇ ಆ ಕಾಲದಲ್ಲಿ ಸೈಡ್ ಕೊನೇಲಿ ಮೆಲುವಾದ ಹಾಡು ಇಡೋ ರೂಢಿ. ಇವರು ಅದೇ ಜಾಗದಲ್ಲಿ ಹ್ಯಾಲೋಡ್ ಇಟ್ರು, ಅದೂ ಕೊನೇ ನಿಮಿಷದಲ್ಲಿ ಎಲ್ಲಾ ಒಟ್ಟಿಗೆ ಅಬ್ಬರಿಸೋ ಹಾಗೆ. ಹಟಮಾರಿಗಳು.

ಆಂ, ಟು ಟೇಮ್ ಎ ಲ್ಯಾಂಡ್ ಹೆಸರಿನ ಕಥೆ ಗೊತ್ತಲ್ವಾ? ಅದು 'ಡ್ಯೂನ್' ಕಾದಂಬರಿ ಮೇಲೆ ಬರ್ದ ಹಾಡು, ಅದೇ ಹೆಸರು ಇಡೋಕೆ ಪರ್ಮಿಶನ್ ಕೇಳಿದ್ರೆ ಲೇಖಕ ಫ್ರಾಂಕ್ ಹರ್ಬರ್ಟ್ ಕಡೆಯಿಂದ ಬಂದ ಉತ್ತರ, ಅವರಿಗೆ ರಾಕ್ ಬ್ಯಾಂಡ್ ಅಂದ್ರೆ ಆಗಲ್ಲ, ಹೆವಿ ಬ್ಯಾಂಡ್ ಅಂದ್ರೆ ಇನ್ನೂ ಆಗಲ್ಲ, ಮೇಡನ್ ಥರದವಂತೂ ಆಗೋದೇ ಇಲ್ಲ ಅಂತ.

ಬೆಡ್‌ಫರ್ಡ್_ಫಿಲ್ಟರ್‌ಕಾಫಿ

ಯಾರೂ ಎಂಪೈರ್ ಬಗ್ಗೆ ಸರಿಯಾಗಿ ಮಾತಾಡ್ತಿಲ್ಲ ಅಂತ ಬೇಜಾರಾಗಿ ಲಾಗಿನ್ ಮಾಡ್ದೆ, ಪಾಸ್‌ವರ್ಡ್ ಮರ್ತುಹೋಗಿತ್ತು.

ನಾನು ಇರೋದು ಇಂಗ್ಲೆಂಡಿನ ಬೆಡ್‌ಫರ್ಡಲ್ಲಿ. ಇಲ್ಲಿಂದ ಕೂಗಳತೆ ದೂರದಲ್ಲಿ ಕಾರ್ಡಿಂಗ್ಟನ್ ಅಂತ ಹಳ್ಳಿ, ಅಲ್ಲಿ ಎರಡು ದೈತ್ಯ ಶೆಡ್‌ಗಳಿವೆ, ರಸ್ತೇಲಿ ಹೋಗ್ತಿದ್ರೆ ಹೊಲದ ಮಧ್ಯೆ ಯಾರೋ ಎರಡು ಬೆಟ್ಟ ತಂದು ಇಟ್ಟಂಗೆ ಕಾಣುತ್ತೆ. ಆರ್101 ಅನ್ನೋ ಏರ್‌ಶಿಪ್ (ಗ್ಯಾಸ್ ತುಂಬಿ ಹಾರಿಸೋ ದೈತ್ಯ ಹಡಗು) ಕಟ್ಟಿದ್ದು ಅಲ್ಲಿ. ಎಂಪೈರ್ ಆಫ್ ದಿ ಕ್ಲೌಡ್ಸ್ ಅದರದ್ದೇ ಕಥೆ. 1930ರ ಅಕ್ಟೋಬರ್ 4ರ ಸಂಜೆ ಮಳೆ ಗಾಳೀಲೇ ಹೊರಡ್ತು, ರಾತ್ರಿ ಸುಮಾರು ಎರಡು ಗಂಟೆಗೆ ಫ್ರಾನ್ಸಿನ ಬೊವೆ ಹತ್ರ ನೆಲಕ್ಕೆ ಬಿದ್ದು ಹೊತ್ತಿ ಉರೀತು. 54 ಜನರಲ್ಲಿ 48 ಜನ ಹೋದ್ರು, ಬ್ರಿಟಿಷ್ ಸರ್ಕಾರದ ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಕೂಡ.

ಅದು ಹೊರಟಿದ್ದು ಎಲ್ಲಿಗೆ ಗೊತ್ತಾ? ಕರಾಚಿಗೆ. ಅಂದ್ರೆ ಆಗಿನ ಇಂಡಿಯಾಕ್ಕೆ. ಅದನ್ನ ನಿಲ್ಸೋಕೆ ಅಂತ ಕರಾಚೀಲಿ ಅಷ್ಟೇ ದೊಡ್ಡ ಶೆಡ್ ಕಟ್ಟಿ ಕಾಯ್ತಾ ಕೂತಿದ್ರು, ಬರೋ ಅತಿಥಿ ಬರಲೇ ಇಲ್ಲ. ಈ ಹಾಡನ್ನ ಹತ್ತಾರು ಸಲ ಕೇಳಿದ್ಮೇಲೇ ನನಗೆ ಇದು ಗೊತ್ತಾಗಿದ್ದು, ಆಮೇಲೆ ಹಾಡಿನ ಮೊದಲ ಪಿಯಾನೋ ಕೇಳಿದ್ರೂ ನಮ್ಮ ಕಡೆಗೆ ಹೊರಟ ಗಾಡಿ ಅಂತಾನೇ ಅನ್ಸುತ್ತೆ.

ಹೋದ ವರ್ಷ ಅಮ್ಮ ಬಂದಿದ್ರು, ಒಂದು ಭಾನುವಾರ ಕಾರ್ಡಿಂಗ್ಟನ್ ಚರ್ಚಿಗೆ ಕರ್ಕೊಂಡು ಹೋದೆ. ಸತ್ತ 48 ಜನರನ್ನ ಅಲ್ಲಿ ಒಂದೇ ಸಮಾಧೀಲಿ ಮಣ್ಣು ಮಾಡಿದಾರೆ. ಚರ್ಚ್ ಒಳಗೆ ಆ ಏರ್‌ಶಿಪ್‌ನ ಬಾವುಟ ತೂಗ್ಹಾಕಿದಾರೆ, ಸುಟ್ಟ ಗುರುತು ಇರೋದು. ಅಮ್ಮನಿಗೆ ಕಥೆ ಹೇಳ್ದೆ, "ಮಳೆ ಬರ್ತಿದ್ರೆ ನಾಳೆ ಹೊರಡೋಕೆ ಏನಾಗಿತ್ತಂತೆ ಅವರಿಗೆ" ಅಂದ್ರು. ಹದಿನೆಂಟು ನಿಮಿಷದ ಹಾಡನ್ನ ಅಮ್ಮ ಒಂದೇ ಸಾಲಲ್ಲಿ ಮುಗಿಸಿಬಿಟ್ರು.

ಮುಗಿಯೋ ರೀತಿ ಅಂದ್ರಲ್ಲ, ಅದಕ್ಕೇ ಬರ್ತೀನಿ. ಹಾಡಿನ ಮಧ್ಯೆ ಎಸ್‌ಒಎಸ್ ಸಿಗ್ನಲ್‌ನ ಮೋರ್ಸ್ ಲಯದಲ್ಲೇ ವಾದ್ಯ ನುಡಿಸ್ತಾರೆ, ಬಿರುಗಾಳಿ, ಬೆಂಕಿ ಎಲ್ಲಾ ಆಗುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಆ ಸ್ಫೋಟದ ಮೇಲೇ ಆಲ್ಬಮ್ ಮುಗಿಸ್ತಿದ್ರು. ಇವರು ಮತ್ತೆ ಪಿಯಾನೋಗೆ ವಾಪಸ್ ಬರ್ತಾರೆ, ಬ್ರೂಸ್ ಒಬ್ಬನೇ, ದನಿ ಸಣ್ಣದಾಗಿ, ಬೂದಿ ಆರೋವರೆಗೂ ಪಕ್ಕದಲ್ಲಿ ನಿಂತಿರೋನ ಥರ. ತೊಂಬತ್ತು ನಿಮಿಷ ದಾಟಿದ ಎರಡು ಡಿಸ್ಕಿನ ಆಲ್ಬಮ್ಮು ಹಂಗೆ ಮುಗಿಯುತ್ತೆ. ಇದನ್ನ ನನಗೆ ಗೊತ್ತಿರೋ ಹಾಗೆ ಒಂದ್ ಸಲಾನೂ ಲೈವ್ ನುಡಿಸಿಲ್ಲ.

ಒಂದೇ ತಕರಾರು. ಟೈಟಾನಿಕ್ ಇದರ ಒಳಗೇ ಹಿಡಿಸುತ್ತೆ ಅಂತ ಹಾಡಲ್ಲಿ ಬರುತ್ತೆ. ಟೈಟಾನಿಕ್ 269 ಮೀಟರ್, ಆರ್101 237 ಮೀಟರ್. ಹೊಟ್ಟೆ ಗಾತ್ರದ ಲೆಕ್ಕ ಹಿಡಿದ್ರೆ ಒಪ್ಪಬಹುದೇನೋ, ಉದ್ದದಲ್ಲಿ ಮೂತಿ ಆಚೆ ಬರುತ್ತೆ ಸ್ವಾಮಿ.

ಮತ್ತೆ ಗಮನಿಸಿದ್ರಾ, ಇವರ ಕೊನೇ ಹಾಡಲ್ಲಿ ಯಾರಾದ್ರೂ ಸಾಯ್ಲೇಬೇಕು. ಗಲ್ಲಿಗೆ ಹೋಗೋನು, ಇನ್ನೂರು ನಾವಿಕರು, ಬ್ಯಾಬಿಲಾನ್‌ನಲ್ಲಿ ಜ್ವರ ಬಂದ ಅಲೆಕ್ಸಾಂಡರ್, 2010ರ 'ವೆನ್ ದಿ ವೈಲ್ಡ್ ವಿಂಡ್ ಬ್ಲೋಸ್'ನಲ್ಲಿ ಬಾಂಬ್ ಬಿತ್ತು ಅಂದ್ಕೊಂಡು ವಿಷ ಕುಡಿಯೋ ಮುದುಕ ಮುದುಕಿ. ಬಿದ್ದಿದ್ದು ಬಾಂಬೇ ಅಲ್ಲ, ಬರೀ ಭೂಕಂಪ. ಅದನ್ನ ಮೊದಲ ಸಲ ಕೇಳ್ದಾಗ ಅಡಿಗೆಮನೇಲಿ ಈರುಳ್ಳಿ ಹೆಚ್ಚುತಿದ್ದೆ, ಒಳ್ಳೇದಾಯ್ತು, ಯಾರೂ ಏನೂ ಕೇಳ್ಲಿಲ್ಲ.

ಕುಡ್ಲದ_ಪ್ಲೆಕ್ಟ್ರಮ್

ಎಂತ ಮಾರಾಯ್ರೆ ನೀವೆಲ್ಲ, ಉದ್ದ ಉಂಟು ಅಂತ ಹೇಳಿ ಹಾಡು ದೊಡ್ಡದು ಆಗ್ತದಾ? ನನಗೆ ಇಪ್ಪತ್ಮೂರು ವರ್ಷ, ನನಗೆ ಹದಿನೆಂಟು ನಿಮಿಷ ಕೂತ್ಕೊಳ್ಲಿಕ್ಕೆ ಆಗ್ತದೆ, ಆದ್ರೆ ಪ್ರತಿ ಸಲ ಯಾಕೆ ಅಂತ.

ನನ್ನ ವೋಟು 2003ರ 'ಡ್ಯಾನ್ಸ್ ಆಫ್ ಡೆತ್'ನ ಕೊನೆಯ 'ಜರ್ನಿಮನ್'ಗೆ. ಪೂರ್ತಿ ಅಕೌಸ್ಟಿಕ್, ಹಾಗೆ ಅವರು ಮಾಡಿದ್ದು ಅದೇ ಮೊದಲು. ಇದರ ಎಲೆಕ್ಟ್ರಿಕ್ ವರ್ಷನ್ ಸಹ ಉಂಟು, 2004ರ ಒಂದು ಇಪಿಯಲ್ಲಿ (ಕೆಲವೇ ಹಾಡಿನ ಸಣ್ಣ ರೆಕಾರ್ಡು) ಬಂದದ್ದು, ಕೇಳಿ ನೋಡಿ, ಒಳ್ಳೆದೇ ಉಂಟು ಆದ್ರೆ ಬೇಕಾಗಿರ್ಲಿಲ್ಲ ಅಂತ ಅನ್ನಿಸ್ತದೆ. ಕೈಯಲ್ಲಿ ಗಟ್ಟಿ ಹಾಡು ಇಟ್ಕೊಂಡು ಅದನ್ನು ಬಿಟ್ಟು ಮೆಲ್ಲನೆಯದ್ದನ್ನು ಹಾಕಿದ್ದಾರಲ್ಲ, ಅದಕ್ಕೆ ಧೈರ್ಯ ಬೇಕು. ನಮ್ಮಲ್ಲಿ ಯಕ್ಷಗಾನದ ಆಟ ನೋಡಿದವರಿಗೆ ಗೊತ್ತುಂಟು, ರಾತ್ರಿ ಇಡೀ ಚೆಂಡೆ ಪೆಟ್ಟು ತಿಂದ ಕಿವಿಗೆ ಬೆಳಿಗ್ಗೆ ಭಾಗವತರು ಮಂಗಳ ಹೇಳುವಾಗ ಒಂದು ತಂಪು ಇರ್ತದಲ್ಲ, ವೇಷದವರೆಲ್ಲ ಬಣ್ಣ ತೆಗೀಲಿಕ್ಕೆ ಕೂತಿರ್ತಾರೆ, ಗದ್ದೆಯಲ್ಲಿ ಚಾಪೆ ಮಡಚುವ ಶಬ್ದ, ಅದು. ಮೇಡನ್‌ನವರು ಮಂಗಳ ಹಾಡಿದ್ದು ಅದೊಂದೇ ಸಲ.

ಎರಡನೆಯದ್ದು 1988ರ 'ಸೆವೆಂತ್ ಸನ್'. ಆಲ್ಬಮ್ ಶುರು ಆಗುವುದು ಬರೀ ಅಕೌಸ್ಟಿಕ್ ಗಿಟಾರಿನ ನಾಲ್ಕು ಸಾಲಿನಲ್ಲಿ, ಕೊನೆಯ ಹಾಡು ಮುಗಿದ ಮೇಲೆ ಅದೇ ಗಿಟಾರು ಅದೇ ರಾಗ ತಿರುಗಿ ಬರ್ತದೆ. ರಿಪೀಟ್‌ನಲ್ಲಿ ಹಾಕಿದ್ರೆ ಎಲ್ಲಿ ಮುಗೀತು ಎಲ್ಲಿ ಶುರು ಆಯ್ತು ಗೊತ್ತೇ ಆಗುದಿಲ್ಲ.

ಮತ್ತೆ ಒಂದು ವಿಷಯ ಯಾರೂ ಹೇಳ್ಲಿಲ್ಲ. 2000ದ 'ಬ್ರೇವ್ ನ್ಯೂ ವರ್ಲ್ಡ್' ಕೊನೆಯ ಹಾಡು ಮುಗಿದ ಮೇಲೆ ವಾಲ್ಯೂಮ್ ಜಾಸ್ತಿ ಮಾಡಿ ಕೇಳಿ. ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಸ್ವರ ಕೇಳ್ತದೆ, ಛೆ ತಪ್ಪಿಹೋಯ್ತು ಅಂತ ಒಂದು ಬೈಗುಳ ಸೇರಿಸಿ ಹೇಳಿ ನಗ್ತಾರೆ. ಅಷ್ಟು ಗಂಭೀರದ ಆಲ್ಬಮ್ಮು, ಅದರ ಕೊನೆಯ ಶಬ್ದ ಒಬ್ಬ ಮನುಷ್ಯ ತನ್ನ ತಪ್ಪಿಗೆ ನಗುವುದು. ಎಡಿಟ್ ಮಾಡಿ ತೆಗೀಬಹುದಿತ್ತು, ತೆಗೀಲಿಲ್ಲ. 2024ರ ಡಿಸೆಂಬರಲ್ಲಿ ನಿಕೋ ಟೂರ್‌ನಿಂದ ನಿವೃತ್ತಿ ಆದ್ರಲ್ಲ, ಆ ದಿನ ಇದನ್ನೇ ಹಾಕಿ ಕೂತಿದ್ದೆ.

ನಾಲ್ಕ್‌ತಂತಿ

ಕುಡ್ಲದವರೇ, ಜರ್ನಿಮನ್ ಒಪ್ದೆ. ಆದ್ರೆ ಮಂಗಳ ಒಂದೇ ಸಲ ಅನ್ನೋದು ಒಪ್ಪಲ್ಲ, 'ಕೊಮೊ ಎಸ್ತಾಯಿಸ್ ಅಮೀಗೋಸ್' ಕೇಳಿ. ಬ್ರೂಸ್ ಬದಲು ಬ್ಲೇಜ್ ಬೇಲಿ ಹಾಡಿರೋ ಆಲ್ಬಮ್ ಅಂತ ಜನ ಅದನ್ನ ಮುಟ್ಟೋದೇ ಇಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸತ್ತವರ ಬಗ್ಗೆ, ಹೆಸರು ಇಟ್ಟಿರೋದು ಎದುರಾಳಿಗಳ ಭಾಷೆಯಾದ ಸ್ಪ್ಯಾನಿಷ್‌ನಲ್ಲಿ, ಹೇಗಿದೀರ ಗೆಳೆಯರೇ ಅಂತ. ಇಂಗ್ಲೆಂಡಿನ ಬ್ಯಾಂಡು ಹಾಗೆ ಕೇಳೋದು ಸಣ್ಣ ವಿಷ್ಯ ಅಲ್ಲ. ಆಲ್ಬಮ್ ಉಳಿದಿದ್ದು ಏನಾದ್ರೂ ಆಗ್ಲಿ.

ತಡರಾತ್ರಿ_ಕೇಳುಗ

ಇಷ್ಟೊಂದ್ ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಬೆಡ್‌ಫರ್ಡ್ ಅಕ್ಕ, ನಿಮ್ಮಮ್ಮನ ಮಾತು ನಮ್ಮಮ್ಮನಿಗೆ ಹೇಳ್ದೆ, ಇನ್ನೇನು ಮತ್ತೆ ಅಂದ್ರು.

ಮೊದ್ಲು ಆಪ್‌ನ ಸೆಟ್ಟಿಂಗ್ಸಲ್ಲಿ ಆಟೋಪ್ಲೇ ಹುಡುಕಿ ಆಫ್ ಮಾಡ್ದೆ, ಎಲ್ಲಿ ಬಚ್ಚಿಟ್ಟಿದಾರೋ ಪುಣ್ಯಾತ್ಮರು, ಮೂರು ಮೆನು ಒಳಗೆ ಇತ್ತು. ಆಮೇಲೆ ಬ್ರೇವ್ ನ್ಯೂ ವರ್ಲ್ಡ್ ಕೇಳ್ದೆ. ಆ ನಗು ನಿಜವಾಗ್ಲೂ ಇದೆ! ಇಷ್ಟು ವರ್ಷ ಆ ಜಾಗದಲ್ಲಿ ನನಗೆ ಬೇರೆ ಹಾಡಿನ ಡೋಲು ಕೇಳ್ತಿತ್ತು.

ಹುಬ್ಳಿ ಅಣ್ಣಾ, ನಿನ್ನೆ ರಾತ್ರಿ ಲೈಟ್ ಆರಿಸಿ ಪವರ್‌ಸ್ಲೇವ್ ಹಾಕಿದ್ದೆ. ರೈಮ್ ಎಂಟನೇ ನಿಮಿಷಕ್ಕೆ, ಬಾಸ್ ಏರ್ತಿರೋವಾಗ, ಬೇಕಂತ ನಾನೇ ನಿಲ್ಲಿಸ್ದೆ. ನೀವು ನಾಲ್ಕು ವರ್ಷ ಕೇಳಿದ್ದು ಹೇಗಿರುತ್ತೆ ನೋಡೋಣ ಅಂತ. ಫ್ಯಾನ್ ಸದ್ದು ಬಿಟ್ರೆ ಏನಿಲ್ಲ. ಸುಮಾರು ಹೊತ್ತು ಹಾಗೇ ಬಿದ್ಕೊಂಡಿದ್ದೆ. ನಿಮ್ಮ ಹಾಸ್ಟೆಲ್ ಭಾಷಣ ತಪ್ಪಲ್ಲ ಅನ್ಸುತ್ತೆ ಅಣ್ಣಾ.

ಹುಬ್ಳಿ_ಹಳೇ_ಕ್ಯಾಸೆಟ್

ಆಮ್ಯಾಲ ಪೂರ್ತಿ ಕೇಳಿದಿಲ್ಲೋ ಹುಚ್ಚಪ್ಪಾ? ಇನ್ನ ಐದೂವರಿ ನಿಮಿಷ ಐತಿ.